ಡೆಂಗಿ ನಕ್ಷೆಯಲ್ಲಿ ನಮ್ಮೂರು ಎಲ್ಲಿದೆ?

ಮಳೆಗಾಲ ಬಂತೆಂದರೆ 'ದಾವಣಗೆರೆ ಜಿಲ್ಲೆಯಲ್ಲಿ ಇಷ್ಟು ಡೆಂಗಿ ಪ್ರಕರಣ' ಎಂಬ ಸುದ್ದಿ ಬರುತ್ತದೆ. ಬರೆದು ಕಳಿಸುವವರಲ್ಲಿ ನಾವೂ ಇದ್ದೇವೆ. ಆದರೆ ಆ ಒಂದು ಅಂಕಿ ಓದಿ ಜಗಳೂರಿನವರು ಏನು ಮಾಡಬೇಕು? ಚನ್ನಗಿರಿಯವರು ಏನು ಮಾಡಬೇಕು?

ಜಗಳೂರು ಬರದ ಸೀಮೆ. ನಲ್ಲಿ ನೀರು ದಿನ ಬಿಟ್ಟು ಬರುವ ಊರಲ್ಲಿ ಡ್ರಮ್ಮು, ತೊಟ್ಟಿ ತುಂಬಿಡದೆ ಗತಿಯಿಲ್ಲ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅಂಥ ನಿಂತ ನೀರಿನಲ್ಲೇ. ಅಲ್ಲಿ ಮಳೆ ಬಾರದಿದ್ದರೂ ಡೆಂಗಿ ಬರಬಹುದು. ಚನ್ನಗಿರಿ ಅಡಿಕೆ ಸೀಮೆ. ಮಳೆ ಹೊಯ್ದ ಮೇಲೆ ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಚಿಪ್ಪು, ಹಳೇ ಟೈರಿನಲ್ಲಿ ನೀರು ನಿಲ್ಲುತ್ತದೆ. ಒಂದೇ ಜಿಲ್ಲೆ, ಕಾರಣ ಬೇರೆ, ಕಾಲ ಬೇರೆ. ಜಿಲ್ಲಾವಾರು ನಕ್ಷೆಯಲ್ಲಿ ಮಾತ್ರ ಒಂದೇ ಬಣ್ಣ.

ಇನ್ನು ಗಡಿ. ಹೊನ್ನಾಳಿ, ಚನ್ನಗಿರಿ 1997ರ ತನಕ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯವರಿಗೆ ಇವತ್ತಿಗೂ ಶಿವಮೊಗ್ಗವೇ ಹತ್ತಿರ. ಜ್ವರ ಬಂದರೆ ಅಲ್ಲಿಗೇ ಓಡುತ್ತಾರೆ. ಎರಡೂ ಜಿಲ್ಲೆಯ ಲೆಕ್ಕ ಕೂಡಿಸಿ ನೋಡದಿದ್ದರೆ ರೋಗ ಎತ್ತ ಹೊರಟಿದೆ ಎಂದು ತಿಳಿಯುವುದಿಲ್ಲ. ಜೊತೆಗೆ, ಸರ್ಕಾರಿ ಲೆಕ್ಕಕ್ಕೆ ಸೇರುವುದು ಎಲಿಸಾ ಪರೀಕ್ಷೆಯಲ್ಲಿ ಖಚಿತವಾದ ಪ್ರಕರಣ. ಖಾಸಗಿ ಲ್ಯಾಬಿನ ಕಾರ್ಡ್ ಟೆಸ್ಟಿಗೇ ನಿಂತವರು ಲೆಕ್ಕದಿಂದ ಹೊರಗೆ.

ಮುನ್ಸೂಚನೆ ಆಗದ ಕೆಲಸವಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ, ಕಚ್ಚಿದ ಮೇಲೆ ಜ್ವರ ಬರಲು 4ರಿಂದ 10 ದಿನ. ಮಳೆ, ಶಾಖ, ಲಾರ್ವಾ ಸಮೀಕ್ಷೆ, ಹಿಂದಿನ ಪ್ರಕರಣ ಕೂಡಿಸಿದರೆ ಮೊದಲೇ ಎಚ್ಚರಿಸಬಹುದು. ಐಐಎಸ್‌ಸಿಯ ಆರ್ಟ್‌ಪಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ಜೊತೆ ಇಂಥ ಕೆಲಸ ಮಾಡಿದೆ. ಮನೆಮನೆ ತಿರುಗಿ ಡ್ರಮ್ಮಿನಲ್ಲಿ ಬಗ್ಗಿ ನೋಡುವವರು ನಮ್ಮ ಆಶಾ ಅಕ್ಕಂದಿರು. ಅವರು ಕೊಟ್ಟ ಮಾಹಿತಿ ಮೇಲೆ ಹೋಗುತ್ತದೆ. ಕೆಳಗೂ ಬರಬೇಕಲ್ಲ!

2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿ ಮನೆಗೆ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಹಾಕಲು ನಮ್ಮ ಮನೆ ಬಾಗಿಲು ಗೊತ್ತು. ಎಚ್ಚರಿಸಲು ಮಾತ್ರ ಜಿಲ್ಲೆಯ ಲೆಕ್ಕ ಸಾಕೇ?

ನಾವು ಕೇಳುವುದಿಷ್ಟೇ. ರೋಗಿಗಳ ಹೆಸರು ಬೇಡ. ಯಾವ ಊರಿನ ಎಷ್ಟು ಮನೆಯಲ್ಲಿ ಲಾರ್ವಾ ಸಿಕ್ಕಿತು, ಮುಂದಿನ ಎರಡು ವಾರ ಅಪಾಯ ಎಷ್ಟು ಎಂಬುದು ಪ್ರತಿ ವಾರ ಪಂಚಾಯಿತಿ ಬೋರ್ಡಿನಲ್ಲೂ ನಮ್ಮ ವಾಟ್ಸ್‌ಆ್ಯಪಿನಲ್ಲೂ ಬರಲಿ.

ಮುಂದಿನ ಗ್ರಾಮಸಭೆಯಲ್ಲಿ ನೀವೂ ಎದ್ದು ಕೇಳಿ. ಅಲ್ಲಿಯ ತನಕ ವಾರಕ್ಕೊಮ್ಮೆ ಡ್ರಮ್ಮು ಬರಿದುಮಾಡಿ, ಒಳಗೋಡೆ ತಿಕ್ಕಿ ತೊಳೆದು, ತುಂಬಿಸಿ ಮುಚ್ಚಿಡಿ. ಮೊಟ್ಟೆ ಅಂಟಿರುವುದು ಅಲ್ಲೇ.