ಮೊದಲು ದಿನ ನೋಡಿ, ಆಮೇಲೆ ಟಪಾಲು

ಅಲ್ಲಾ ರೀ, ಪೋಸ್ಟ್‌ಮ್ಯಾನ್ ಬಾಗಿಲು ತಟ್ಟದೆ ಸೀದಾ ಮಲಗೋ ಕೋಣೆಗೆ ನುಗ್ಗಿ, ನೀವು ಕಣ್ಣು ಬಿಡೋ ಹೊತ್ತಿಗೆ ಒಂದು ಕಟ್ಟು ಕಾಗದ ಮುಖಕ್ಕೆ ಹಿಡಿದರೆ ಸುಮ್ಮನಿರ್ತೀರಾ? ನಮ್ಮ ಇಮೇಲ್ ಪ್ರೋಗ್ರಾಂ ದಿನಾ ಬೆಳಿಗ್ಗೆ ಮಾಡೋದು ಅದನ್ನೇ. ತೆರೆದ ತಕ್ಷಣ ಇನ್‌ಬಾಕ್ಸ್. ಇವತ್ತು ನಿಮಗೇನು ಕೆಲಸ ಇದೆ ಅಂತ ಹೇಳೋದಿಲ್ಲ. ಊರವರಿಗೆಲ್ಲ ನಿಮ್ಮಿಂದ ಏನು ಬೇಕು ಅನ್ನೋದನ್ನ ಹೇಳುತ್ತೆ.

ಇದು ಸಣ್ಣ ವಿಷಯ ಅಂತ ನಾನೂ ಅಂದುಕೊಂಡಿದ್ದೆ, ಹೋದ ತಿಂಗಳ ಒಂದು ಸೋಮವಾರದವರೆಗೆ.

ಅಪ್ಪನ ಕಣ್ಣಿನ ಪೊರೆ ಆಪರೇಷನ್ನಿಗೆ ಮುಂಚಿನ ತಪಾಸಣೆ, ಬೆಳಿಗ್ಗೆ ಹತ್ತಕ್ಕೆ, ಜಯನಗರದ ಕಡೆ. ಮೂರು ವಾರ ಮೊದಲೇ ಔಟ್‌ಲುಕ್ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಅವತ್ತು ಎಂಟೂವರೆಗೆ 'ಸುಮ್ನೆ ಒಂದ್ಸಲ ನೋಡೋಣ' ಅಂತ ಲ್ಯಾಪ್‌ಟಾಪ್ ತೆರೆದೆ. ಎಲ್ಲಕ್ಕಿಂತ ಮೇಲೆ ಕೆಂಪು ಆಶ್ಚರ್ಯಸೂಚಕ ಹೊತ್ತ ಮೇಲ್. ಉತ್ತರ ಬರೆದೆ. ಅದಕ್ಕೊಂದು ಉತ್ತರ ಬಂತು. ಆ ಉತ್ತರಕ್ಕೆ ಇನ್ನಿಬ್ಬರು ಉತ್ತರಿಸಿದರು. ಒಂಬತ್ತು ಮುಕ್ಕಾಲಿಗೆ 'ಟಿಂಗ್' ಅಂತು: ಇನ್ನು 15 ನಿಮಿಷ!

ಆ 15 ನಿಮಿಷ ಔಟ್‌ಲುಕ್ ತಾನಾಗಿಯೇ ಇಟ್ಟುಕೊಳ್ಳೋ ಲೆಕ್ಕ. ಪಕ್ಕದ ಕೋಣೆಯ ಮೀಟಿಂಗಿಗೆ ಎದ್ದು ಹೋಗೋನಿಗೆ ಸರಿ. ಇಂದಿರಾನಗರದವನಿಗೆ ಆ ಹೊತ್ತಲ್ಲಿ ನೂರಡಿ ರಸ್ತೆಯ ಸಿಗ್ನಲ್ ದಾಟಿದ್ರೇ ಪುಣ್ಯ. ದೊಮ್ಮಲೂರು ಫ್ಲೈಓವರ್ ಮಾತು ಆಮೇಲೆ.

ಹಾಲಿಗೆ ಬಂದರೆ ಅಪ್ಪ ಇಸ್ತ್ರಿ ಶರ್ಟು ಹಾಕ್ಕೊಂಡು, ಫೈಲನ್ನ ತೊಡೆ ಮೇಲಿಟ್ಕೊಂಡು ಕೂತಿದ್ರು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು, ಅದು ಕಳೀತಿದ್ದ ಹಾಗೆ ರೆಡಿ. "ನೀನು ಕೆಲಸದಲ್ಲಿದ್ದೆ, ಅದಕ್ಕೇ ಕರೀಲಿಲ್ಲ ಕಣಪ್ಪ" ಅಂದ್ರು. ಅವರ ಬೆನ್ನ ಹಿಂದೆ ಗೋಡೆ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ಅವರದೇ ದಪ್ಪಕ್ಷರ: 'ಕಣ್ಣು, 10 ಗಂಟೆ'. ಹೊಸ ತಾರೀಖು ಸಿಕ್ಕಿದ್ದು 18 ದಿನ ಬಿಟ್ಟು. ಅಷ್ಟೂ ದಿನ ನಾನು ಪೇಪರ್ ಓದಿ ಹೇಳಿದೆ, ಅವರು ಕೇಳಿಸಿಕೊಂಡರು. ಒಂದು ಮಾತು ಆಡಲಿಲ್ಲ. ಆಡಿದ್ದರೆ ವಾಸಿ ಇತ್ತು.

ತಪ್ಪು ನನ್ನದೇ, ಒಪ್ಪಿದೆ. ಆದರೆ ಆ ಗೋಡೆ ಕ್ಯಾಲೆಂಡರಿಗೆ ಗೊತ್ತಿದ್ದ ಬುದ್ಧಿ ನನ್ನ ಲ್ಯಾಪ್‌ಟಾಪಿಗೆ ಯಾಕಿಲ್ಲ? ನಮ್ಮ ಹಿರಿಯರು ಯುಗಾದಿ ದಿನ ಪಂಚಾಂಗ ಓದಿಸಿ ಕೇಳುತ್ತಿದ್ದರು. ತಿಥಿ, ವಾರ, ನಕ್ಷತ್ರ, ಯೋಗ, ಕರಣ. ನಂಬೋದು ಬಿಡೋದು ನಿಮ್ಮಿಷ್ಟ. ಆದರೆ ಆ ಕ್ರಮ ನೋಡಿ. ಮೊದಲು ದಿನ ಎಂಥದ್ದು ಅಂತ ತಿಳ್ಕೊಳ್ಳೋದು, ಆಮೇಲೆ ಕೆಲಸಕ್ಕೆ ಕೈ ಹಾಕೋದು. ನಾವು ಉಲ್ಟಾ ಮಾಡಿಕೊಂಡು ಕೂತಿದ್ದೀವಿ.

ಸರಿಪಡಿಸೋಕೆ ಅರ್ಧ ನಿಮಿಷ ಸಾಕು. ಔಟ್‌ಲುಕ್ 2010ರಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಅಂತ ಹೋಗಿ. 'ಸ್ಟಾರ್ಟ್ ಔಟ್‌ಲುಕ್ ಇನ್ ದಿಸ್ ಫೋಲ್ಡರ್' ಅಂತಿದೆ, ಅದರ ಮುಂದೆ ಇನ್‌ಬಾಕ್ಸ್. ಬ್ರೌಸ್ ಒತ್ತಿ, ಕ್ಯಾಲೆಂಡರ್ ಆರಿಸಿ, ಓಕೆ. ಮುಚ್ಚಿ ತೆರೆದರೆ ಎದುರಿಗೆ ನಿಮ್ಮ ದಿನ. ಜಿಮೇಲ್ ಬಳಸೋರು ಬ್ರೌಸರಿನ ಮೊದಲ ಪುಟಕ್ಕೆ ಗೂಗಲ್ ಕ್ಯಾಲೆಂಡರ್ ಹಾಕಿಕೊಳ್ಳಿ.

"ಕಂಟ್ರೋಲ್ ಜೊತೆ 2 ಒತ್ತಿದ್ರೆ ಕ್ಯಾಲೆಂಡರ್ ಬರುತ್ತಲ್ಲ ಗುರೂ, ಇಷ್ಟಕ್ಕೆ ಇಷ್ಟುದ್ದ ಭಾಷಣ ಯಾಕೆ?" ಅಂತ ಆಫೀಸಿನ ಗೆಳೆಯ ನಕ್ಕ. ಬರುತ್ತೆ ಸ್ವಾಮಿ, ಆದರೆ ಬೆರಳು ಅಲ್ಲಿಗೆ ಹೋಗೋ ಮುಂಚೆ ಕಣ್ಣು ಆ ಕೆಂಪು ಗುರುತಿಗೆ ಸಿಕ್ಕಿಬಿದ್ದಿರುತ್ತೆ. ಮೇಲ್ ಅರ್ಜೆಂಟಿದ್ದರೆ? ನಿಜವಾಗಿ ಅರ್ಜೆಂಟಿರೋರು ಫೋನ್ ಮಾಡ್ತಾರೆ. ಮನೆಗೆ ಬೆಂಕಿ ಬಿದ್ದಾಗ ಯಾರೂ 'ಡಿಯರ್ ಆಲ್' ಅಂತ ಶುರು ಮಾಡೋದಿಲ್ಲ.

ಒಂದು ಆಕ್ಷೇಪಣೆ ಮಾತ್ರ ನಿಜಕ್ಕೂ ಗಟ್ಟಿ. ಆಫೀಸಿನ ಕ್ಯಾಲೆಂಡರ್ ಕೂಡ ನಮ್ಮ ಕೈಯಲ್ಲೇನಿಲ್ಲ. ಯಾರೋ ಮೀಟಿಂಗಿಗೆ ಕರೆದರೆ, ನಾವು ಹೂಂ ಅನ್ನೋ ಮುಂಚೆಯೇ ಅದು ಬಂದು ಕೂತಿರುತ್ತೆ. ಅದಕ್ಕೇ ಹೇಳ್ತಿರೋದು, ನಿಮ್ಮದನ್ನ ಮೊದಲು ಬರೀರಿ. ಮಗಳ ಸ್ಕೂಲ್ ಡೇ, ಅಮ್ಮನ ಶುಗರ್ ಟೆಸ್ಟು, ದಾರಿಗೆ ಬೇಕಾದ ಒಂದು ಗಂಟೆ, ಎಲ್ಲ ಸೇರಿಸಿ. ಖಾಲಿ ಸೀಟಿಗೆ ಯಾರಾದರೂ ಟವೆಲ್ ಹಾಕೇ ಹಾಕ್ತಾರೆ. ನಿಮ್ಮ ಟವೆಲ್ಲೇ ಮೊದಲು ಬೀಳಲಿ.

ಅಪ್ಪನ ಆಪರೇಷನ್ ಆಯ್ತು. ಈಗ ಪೇಪರ್ ಅವರೇ ಓದ್ತಾರೆ, ನನಗೂ ಓದಿ ಹೇಳ್ತಾರೆ. ಬೆಳಿಗ್ಗೆ ನನ್ನ ಪರದೆ ಮೇಲೆ ಕ್ಯಾಲೆಂಡರ್ ತೆರೆದುಕೊಳ್ಳುತ್ತೆ. ಆದರೂ ಲ್ಯಾಪ್‌ಟಾಪ್ ಮುಟ್ಟೋ ಮುಂಚೆ ಹಾಲಿಗೆ ಹೋಗಿ, ಗೋಡೆ ಮೇಲಿನ ಆ ಚೌಕದಲ್ಲಿ ದಪ್ಪಕ್ಷರ ಏನಾದ್ರೂ ಇದೆಯಾ ಅಂತ ಒಂದ್ಸಲ ನೋಡ್ತೀನಿ.