ಐನೂರು ರೂಪಾಯಿ ಕೇಳಿದವರ ಪರವಾಗಿ

ಮನೆಗೆಲಸಕ್ಕೆ ಬರುವ ಹೆಂಗಸು "ಅಕ್ಕಾ, ಮುಂದಿನ ತಿಂಗಳಿಂದ ಐನೂರು ಜಾಸ್ತಿ ಮಾಡಿಕೊಡಿ" ಎಂದರೆ ಬೆಂಗಳೂರಿನ ನಮ್ಮಂಥ ಮನೆಗಳಲ್ಲಿ ಏಳುವ ಆಕ್ಷೇಪಗಳು ಹೆಚ್ಚುಕಮ್ಮಿ ಒಂದೇ. ಅಸೋಸಿಯೇಷನ್ ಸಭೆಯಲ್ಲಿ, ಸಂಜೆಯ ವಾಕಿಂಗಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅವನ್ನು ಕೇಳುತ್ತಲೇ ಬಂದಿದ್ದೇನೆ. ಆಡುವವರು ನನ್ನ ನೆರೆಯವರು, ನೆಂಟರು, ಒಳ್ಳೆಯ ಜನ. ಅವರ ಮಾತು ಮಾತ್ರ ತಪ್ಪು.

"ಮೊನ್ನೆ ಮೊನ್ನೆ ಜಾಸ್ತಿ ಮಾಡಿದ್ದೆವಲ್ಲ" ಎಂಬುದು ಮೊದಲ ಆಕ್ಷೇಪ. ಕೆದಕಿ ಕೇಳಿದರೆ ಆ ಮೊನ್ನೆ ಎರಡು-ಮೂರು ವರ್ಷ ಹಿಂದಿನದಾಗಿರುತ್ತದೆ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಅದೇ ವರ್ಷ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಇಂಥ ಏರಿಕೆಗೆಂದೇ ಕೇಂದ್ರ ಸರ್ಕಾರದ ನೌಕರರ ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಪರಿಷ್ಕರಣೆಯಾಗುತ್ತದೆ. ನಮ್ಮ ರಾಜ್ಯ ಸರ್ಕಾರಿ ನೌಕರರು 2023ರ ಮಾರ್ಚ್ 1ರಂದು ಮುಷ್ಕರ ಹೂಡಿ ಶೇ 17 ಮಧ್ಯಂತರ ಪರಿಹಾರ ಪಡೆದರು. ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಅವರು ಕೇಳಿದ್ದು ಸರಿ, ಪಡೆದದ್ದೂ ಸರಿ. ಮನೆಗೆಲಸದವರಿಗೆ ತುಟ್ಟಿಭತ್ಯೆಯೂ ಇಲ್ಲ, ಆಯೋಗವೂ ಇಲ್ಲ. ಬಾಯಿಬಿಟ್ಟು ಕೇಳುವುದೊಂದೇ ಅವರಿಗಿರುವ ದಾರಿ. ಅದನ್ನೂ ಸೊಕ್ಕು ಅನ್ನುತ್ತೇವೆ.

ಈಚೆಗೆ ಇನ್ನೊಂದು ಮಾತು ಸೇರಿಕೊಂಡಿದೆ: "ಬಸ್ ಫ್ರೀ, ತಿಂಗಳಿಗೆ ಎರಡು ಸಾವಿರ ಗೃಹಲಕ್ಷ್ಮಿ, ಮೇಲೆ ಅಕ್ಕಿ. ಇನ್ನೂ ಏನು ಬೇಕಂತೆ?" ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬಸ್ ಫ್ರೀ ಮಾಡಿದ ಶಕ್ತಿ, ಗೃಹಲಕ್ಷ್ಮಿ ಯೋಜನೆಗಳು 2023ರಲ್ಲಿ ಬಂದದ್ದು ಆ ಹೆಂಗಸರ ಬದುಕು ಸ್ವಲ್ಪ ಹಗುರಾಗಲಿ ಎಂದು. ನಮ್ಮ ಮನೆಯ ಪಾತ್ರೆ ತೊಳೆಸುವ ಖರ್ಚನ್ನು ಸರ್ಕಾರ ಹೊರಲಿ ಎಂದಲ್ಲ. ಆಕೆಗೆ ಟಿಕೆಟ್ ಬೇಡವಾದರೂ ಗಾರೆ ಕೆಲಸಕ್ಕೆ ಹೋಗುವ ಗಂಡನಿಗೆ ಬೇಕೇ ಬೇಕು. ಸರ್ಕಾರ ಆಕೆಗೆ ಕೊಟ್ಟದ್ದನ್ನು ಲೆಕ್ಕ ಹಾಕಿ ನಾವು ಸಂಬಳ ತಡೆಹಿಡಿದರೆ ಆ ಎರಡು ಸಾವಿರ ಕೊನೆಗೆ ಸೇರುವುದು ನಮ್ಮ ಜೇಬಿಗೆ.

"ನಾವೂ ಸಂಬಳದವರೇ, ನಮಗೂ ಇಎಂಐ ಇದೆ" ಎಂಬುದರಲ್ಲಿ ಹುರುಳಿದೆ. ಆದರೂ ಲೆಕ್ಕ ನೋಡೋಣ. ತಿಂಗಳಿಗೆ 3,000 ರೂಪಾಯಿ, ದಿನಕ್ಕೆ ಒಂದೂವರೆ ಗಂಟೆ, ತಿಂಗಳಲ್ಲಿ 28 ದಿನ ಎಂದಿಟ್ಟುಕೊಳ್ಳಿ. ಗಂಟೆಗೆ 71 ರೂಪಾಯಿ ಬಿದ್ದಂತಾಯಿತು. ಐನೂರು ಸೇರಿಸಿದರೂ ಸುಮಾರು 83 ಅಷ್ಟೇ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವ ಹೊತ್ತಿಗೆ, ಬೆಲ್ ಒತ್ತಿ ಬಾಗಿಲ ಮುಂದೆ ಕಾಯುವ ಹೊತ್ತಿಗೆ ಯಾರೂ ಕಾಸು ಕೊಡುವುದಿಲ್ಲ. ಪಿಎಫ್, ಇಎಸ್‌ಐ, ಗ್ರಾಚ್ಯುಟಿ ಯಾವುದೂ ಇಲ್ಲ. ಮಂಡಿ ಸವೆದ ಮೇಲೆ ಆಕೆ ಬರಿಗೈಲಿ ಮನೆಗೆ ಹೋಗಬೇಕು. ಮಾಲೀಕರ ಕಷ್ಟದ ವಾದ ಹೊಸದೇನೂ ಅಲ್ಲ. ಕೇರಳದ ಹೆಂಚಿನ ಕಾರ್ಖಾನೆಗಳ ಮಾಲೀಕರು ಇದನ್ನೇ ಸುಪ್ರೀಂ ಕೋರ್ಟಿನಲ್ಲಿ ಮುಂದಿಟ್ಟಿದ್ದರು. ಕನಿಷ್ಠ ವೇತನ ನಿಗದಿ ಮಾಡುವಾಗ ಮಾಲೀಕನಿಗೆ ಕೊಡುವ ಶಕ್ತಿ ಇದೆಯೇ ಎಂದು ನೋಡಬೇಕಾಗಿಲ್ಲ ಎಂದು ಕೋರ್ಟು 1961ರಲ್ಲಿ ತೀರ್ಪಿತ್ತಿತು. ನಿಜಕ್ಕೂ ಕೈ ಕಟ್ಟಿದ್ದರೆ ನೆಲ ಒರೆಸುವುದನ್ನೋ ಬಟ್ಟೆ ಒಗೆಯುವುದನ್ನೋ ಬಿಡಿಸಿ, ಅಷ್ಟು ಹೊತ್ತು ಉಳಿಸಿಕೊಡಿ. ಕೆಲಸ ಅಷ್ಟೇ ಇರಲಿ, ಸಂಬಳವೂ ಅಷ್ಟೇ ಇರಲಿ ಅನ್ನಬೇಡಿ.

"ಓದು ಬೇಡದ ಕೆಲಸಕ್ಕೆ ಅಷ್ಟೊಂದಾ?" ಎಂದು ಕೇಳುವವರಿಗೆ ಹೇಳಬೇಕಾದ್ದು ಇಷ್ಟೇ: ಓದು ಬೇಡ ಎಂದ ಮಾತ್ರಕ್ಕೆ ಮನಬಂದಷ್ಟು ಕೊಡುವಂತಿಲ್ಲ, ಮನೆಗೆಲಸವನ್ನು ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನದ ಪಟ್ಟಿಗೆ ಸೇರಿಸಿದೆ.

ಹೇಳದೆ ಕೇಳದೆ ರಜೆ ಹಾಕುತ್ತಾರೆ ಎಂಬ ದೂರು ಹಲವು ಸಲ ನಿಜ. ಆದರೆ ಎಷ್ಟು ಮನೆಗಳಲ್ಲಿ ವಾರಕ್ಕೊಂದು ರಜೆ ಗೊತ್ತುಮಾಡಿದ್ದಾರೆ? ಕೇಳಿದರೆ ಸಿಗದು ಎಂದು ಗೊತ್ತಿದ್ದವರು ಕೇಳದೇ ಮನೆಯಲ್ಲಿ ಉಳಿಯುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸುವುದು "ಮನೆಯವಳ ಹಾಗೆ ನೋಡಿಕೊಂಡಿದ್ದೇವೆ" ಎಂಬ ಮಾತು. ಹಬ್ಬಕ್ಕೆ ಸೀರೆ ಕೊಟ್ಟಿದ್ದೇವೆ, ಮಿಕ್ಕ ಸಾರು ಪಲ್ಯ ಕಟ್ಟಿಕೊಟ್ಟಿದ್ದೇವೆ, ಮಗಳ ಫೀಸಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ. ಕೊಟ್ಟದ್ದು ಸುಳ್ಳಲ್ಲ, ಅದರ ಹಿಂದಿನ ಪ್ರೀತಿಯೂ ಸುಳ್ಳಲ್ಲ. ಆದರೆ ಸೀರೆ ಕೊಟ್ಟು ಬಾಡಿಗೆ ಕಟ್ಟಲಾಗುವುದಿಲ್ಲ. ಅಡ್ವಾನ್ಸ್ ಸಾಲ, ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ, ಅದು ತೀರುವ ತನಕ ಆಕೆ ಕೆಲಸ ಬಿಡುವ ಹಾಗೂ ಇಲ್ಲ, ದನಿ ಎತ್ತುವ ಹಾಗೂ ಇಲ್ಲ. ಮನೆಯವಳು ಎನ್ನಿಸಿಕೊಂಡ ಆಕೆಯ ಚೀಲವನ್ನು ಗೇಟಿನಲ್ಲಿ ತೆರೆದು ನೋಡುತ್ತಾರೆ, ಕೆಲವು ಕಡೆ ಲಿಫ್ಟೂ ಬೇರೆ. ಉಪಕಾರ ಎಷ್ಟು ಬೇಕಾದರೂ ಮಾಡಿ, ಅದನ್ನು ಸಂಬಳದ ಲೆಕ್ಕಕ್ಕೆ ತರಬೇಡಿ.

"ನೀವು ಕೊಟ್ಟರೆ ಇಡೀ ಬ್ಲಾಕಿನ ರೇಟು ಕೆಡುತ್ತದೆ" ಎಂದು ನನಗೇ ಹೇಳಿದವರಿದ್ದಾರೆ. ಒಬ್ಬರೂ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂದು ಮಾತಾಡಿಕೊಳ್ಳುವ ಮನೆಯವರೇ, ನಾಲ್ಕು ಜನ ಕೆಲಸದವರು ಕೂಡಿ ಕೇಳಿದರೆ "ಯೂನಿಯನ್ ಮಾಡ್ತಿದ್ದಾರೆ" ಎಂದು ಹುಬ್ಬೇರಿಸುತ್ತಾರೆ. ನಾವು ಕೂಡಿ ತೀರ್ಮಾನಿಸಬಹುದಾದರೆ ಅವರೂ ಕೂಡಿ ಕೇಳಬಹುದು.

2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗಾಗಿ ಕಾನೂನು ತರುವ ಬಗ್ಗೆ ಸಮಿತಿ ರಚಿಸಿ ಎಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಆ ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯ ನಮಗಿಲ್ಲ. ಈ ತಿಂಗಳ ಸಂಬಳ ಕೊಡುವಾಗ ಆಕೆಯನ್ನು ಕೂರಿಸಿ ಮಾತಾಡಿ. ಯಾವ ಯಾವ ಕೆಲಸ, ವಾರದಲ್ಲಿ ಯಾವ ದಿನ ರಜೆ, ಪ್ರತಿ ಏಪ್ರಿಲ್‌ನಲ್ಲಿ ಎಷ್ಟು ಹೆಚ್ಚಳ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆಕೆಗೂ ಒಂದು ಪ್ರತಿ ಕೊಡಿ. ಮುಂದಿನ ಏಪ್ರಿಲ್‌ನಲ್ಲಿ ಆಕೆ ಕೇಳುವ ಮೊದಲೇ ಕೊಟ್ಟುಬಿಡಿ.