ಡಿಗ್ರಿ ಮುಗಿಸುವ ಮೊದಲೇ ಒಂದು ತಿಂಗಳು ಕೆಲಸ ಕಲಿಯಲಿ



ಆಕಳು ಕೊಳ್ಳುವಾಗ ನೀವು ದಲಾಲಿಯ ಮಾತು ನಂಬಿ ದುಡ್ಡು ಎಣಿಸುವುದಿಲ್ಲ. ಎರಡು ಹೊತ್ತು ಎದುರಿಗೆ ನಿಂತು ಹಿಂಡಿಸಿ ನೋಡುತ್ತೀರಿ. ನೌಕರಿ ಕೊಡುವವರೂ ಹಾಗೆಯೇ. ಅಂಕಪಟ್ಟಿ ಪಕ್ಕಕ್ಕಿಟ್ಟು, "ಎಲ್ಲಾದರೂ ಕೆಲಸ ಮಾಡಿದ್ದೀಯಾ?" ಎಂದು ಕೇಳುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಓದಿದ ನಮ್ಮ ಎಷ್ಟೋ ಮಕ್ಕಳು ಅಲ್ಲಿಯೇ ಸುಮ್ಮನಾಗುತ್ತಾರೆ. ನಸುಕಿನಲ್ಲಿ ಎದ್ದು ಹಾಲು ಹಿಂಡಿ, ಸಂಘಕ್ಕೆ ಹಾಕಿ, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋದ ಮಕ್ಕಳು ಅವರು. ಮೈಮುರಿದು ದುಡಿದಿದ್ದಾರೆ, ಆದರೆ ಅದನ್ನು ಕಾಗದದ ಮೇಲೆ ಬರೆದುಕೊಟ್ಟವರು ಯಾರೂ ಇಲ್ಲ.

ಹನುಮನಮಟ್ಟಿ ಕೃಷಿ ಕಾಲೇಜಿನ ಹುಡುಗ ಹುಡುಗಿಯರನ್ನು ನೆನಪಿಸಿಕೊಳ್ಳಿ. ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹಳ್ಳಿಗೆ ಬಂದು ಉಳಿಯುತ್ತಾರೆ. ರೈತರ ಜೊತೆ ಹೊಲಕ್ಕೆ ಹೋಗುತ್ತಾರೆ, ಬೀಜೋಪಚಾರ, ರಸಮೇವು, ಅಜೋಲಾ ಎಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಮೊದಲ ವಾರ ಹೊಟ್ಟೆ ಯಾವುದು, ಕಣಿಕೆ ಯಾವುದು ಎಂದು ತಡಕಾಡುವವರೂ ಇರುತ್ತಾರೆ, ನಗಬೇಡಿ. ಕಲಿತು ಹೋಗುತ್ತಾರೆ. ಪಶುವೈದ್ಯ ಪದವಿಯಲ್ಲಂತೂ ಐದೂವರೆ ವರ್ಷದಲ್ಲಿ ಕೊನೆಯ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್. ನಿಮ್ಮ ಆಕಳ ಕಷ್ಟದ ಹೆರಿಗೆ ಮಾಡಿಸುವ ಡಾಕ್ಟರು ಆ ಕೆಲಸವನ್ನು ಪುಸ್ತಕವೊಂದರಿಂದಲೇ ಕಲಿತವರಲ್ಲ. ಇಂಜಿನಿಯರಿಂಗ್ ಮಕ್ಕಳಿಗೂ ಇಂಟರ್ನ್‌ಶಿಪ್ ಕಡ್ಡಾಯವಿದೆ.

ಹಿಂದೆ ಬಿದ್ದಿರುವುದು ಸಾಮಾನ್ಯ ಪದವಿಯ ಮಕ್ಕಳು, ಅಂದರೆ ನಮ್ಮಲ್ಲಿ ಹೆಚ್ಚಿನವರ ಮನೆಯ ಮಕ್ಕಳು. ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ ₹3000 ಬರುತ್ತದೆ, ಹೆಚ್ಚೆಂದರೆ ಎರಡು ವರ್ಷ. ಆ ದುಡ್ಡು ಬೇಕು, ಬೇಡ ಎನ್ನುವುದಿಲ್ಲ. ಆದರೆ ಅನುಭವ ಅದರಿಂದ ಬರುವುದಿಲ್ಲ.

ಕಲಿಯುವ ಜಾಗಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆ ಇದೆ, ಕೋಲ್ಡ್ ಸ್ಟೋರೇಜುಗಳಿವೆ. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರವಿದೆ. ಅದೆಲ್ಲಕ್ಕಿಂತ ಹತ್ತಿರ ನಿಮ್ಮ ಊರಿನ ಹಾಲು ಉತ್ಪಾದಕರ ಸಂಘವೇ ಇದೆ. ಅಲ್ಲಿ ಏನು ಕಲಿಯುವುದಿದೆ ಎಂದು ಕೇಳಬೇಡಿ. ಎರಡು ಪಾಳಿ ಹಾಲು ಬರುತ್ತದೆ; ಫ್ಯಾಟ್, ಎಸ್‌.ಎನ್‌.ಎಫ್. ನೋಡಬೇಕು, ಸದಸ್ಯರ ಖಾತೆಗೆ ಬಟವಾಡೆ ಲೆಕ್ಕ ಹಾಕಬೇಕು, ಸರ್ಕಾರದ ಲೀಟರಿಗೆ ₹5 ಪ್ರೋತ್ಸಾಹಧನದ ಮಾಹಿತಿ ತಪ್ಪಿಲ್ಲದೆ ಕಳಿಸಬೇಕು, ಪಶು ಆಹಾರದ ದಾಸ್ತಾನು ತಾಳೆ ನೋಡಬೇಕು. ಮಾರ್ಚ್ ಕೊನೆಗೆ ಲೆಕ್ಕ ಮುಗಿಸಿ, ಆಡಿಟ್ ಮಾಡಿಸಿ, ಸೆಪ್ಟೆಂಬರ್ 25ರೊಳಗೆ ಸರ್ವಸದಸ್ಯರ ಸಭೆಯ ಮುಂದೆ ಜಮಾ-ಖರ್ಚು ಇಡಬೇಕು. ಬಿ.ಕಾಂ. ಹುಡುಗಿ ತರಗತಿಯಲ್ಲಿ ಓದಿದ ಲಾಭ-ನಷ್ಟ ಪತ್ರಿಕೆ ಇಲ್ಲಿ ಅವಳ ಅಪ್ಪನ ಬೋನಸ್ಸಾಗಿ ನಿಂತಿರುತ್ತದೆ. ಬೇಗ ಅರ್ಥವಾಗುತ್ತದೆ. ಮುಂದೆ ಬ್ಯಾಂಕಿನಲ್ಲೋ ಪತ್ತಿನ ಸಂಘದಲ್ಲೋ ಸಂದರ್ಶನಕ್ಕೆ ಕೂತಾಗ ಹೇಳಲು ಅವಳಿಗೆ ನಾಲ್ಕು ಮಾತಿರುತ್ತವೆ, ಅವಳ ಕೆಲಸ ಕಂಡು ಶಿಫಾರಸು ಮಾಡಲು ಒಬ್ಬ ಕಾರ್ಯದರ್ಶಿ ಇರುತ್ತಾರೆ.

ಕಾರ್ಯದರ್ಶಿಗಳಿಗೂ ಆಡಳಿತ ಮಂಡಳಿಗೂ ಒಂದು ಮಾತು. ಮಗು ಕಲಿಯಲು ಬರುತ್ತದೆ, ಕ್ಯಾನು ತೊಳೆಯಲು, ಚಹಾ ತರಲು ಅಲ್ಲ. ಖರ್ಚು ಉಳಿಯಿತೆಂದು ಖಾಯಂ ಸಿಬ್ಬಂದಿಯ ಕೆಲಸವನ್ನು ಅವರ ತಲೆಗೆ ಕಟ್ಟಬೇಡಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ತೆಗೆದುಕೊಂಡರೆ ಶಿಷ್ಯವೇತನ ಕೊಡಲೇಬೇಕು. ಕಾಲೇಜಿನ ಇಂಟರ್ನ್‌ಶಿಪ್ಪಿಗೆ ಹಣ ಕೊಡಲಾಗದಿದ್ದರೂ ಬಸ್ ಚಾರ್ಜು, ಊಟದ ಖರ್ಚು ಕೊಡುವುದು ಸಂಘಕ್ಕೆ ಭಾರವಲ್ಲ. ಇನ್ನು ಬರದೇ ಇದ್ದವರಿಗೆ ಸೀಲು ಒತ್ತಿ ಸರ್ಟಿಫಿಕೇಟ್ ಕೊಡುವ ಚಾಳಿ ಬೇಡವೇ ಬೇಡ. ನೀರು ಬೆರೆಸಿದ ಹಾಲು ಸಂಘದಲ್ಲಿ ಸಿಕ್ಕಿಬೀಳುವಂತೆ ಆ ಕಾಗದ ಸಂದರ್ಶನದಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ನಿಜವಾಗಿ ದುಡಿದ ಮಕ್ಕಳ ಕಾಗದವನ್ನೂ ಯಾರೂ ನಂಬುವುದಿಲ್ಲ.

ತಂದೆತಾಯಿಗಳ ಅಡಚಣೆಯೂ ಗೊತ್ತು. "ಮಗ ಹೋದರೆ ಸಂಜೆ ಹಾಲು ಹಿಂಡುವವರು ಯಾರು?", "ಸಂಬಳವಿಲ್ಲದ ಕೆಲಸಕ್ಕೆ ಮಗಳನ್ನೇಕೆ ಕಳಿಸಬೇಕು?" ಮೊದಲನೆಯದಕ್ಕೆ ಊರಿನ ಸಂಘದಲ್ಲೇ ಕಲಿತರೆ ಉತ್ತರ ಸಿಕ್ಕಿತು. ಎರಡನೆಯದಕ್ಕೆ ನಾನು ಹೇಳುವುದಿಷ್ಟೇ: ಒಂದು ತಿಂಗಳು ಕಲಿಯಲು ಸರಿ, ಆರು ತಿಂಗಳು ಬಿಟ್ಟಿ ದುಡಿಸಿದರೆ ಎಬ್ಬಿಸಿಕೊಂಡು ಬನ್ನಿ. ಇಂಟರ್ನ್‌ಶಿಪ್ ಮಾಡಿದವರಿಗೆಲ್ಲ ನೌಕರಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿ ಹುದ್ದೆಯೇ ಇಲ್ಲದ ಕಡೆ ಅನುಭವ ಏನು ಮಾಡೀತು? ಹುದ್ದೆ ಇದ್ದ ಕಡೆ ಮಾತ್ರ ಇಬ್ಬರಲ್ಲಿ ಕೆಲಸ ಕಂಡವರನ್ನೇ ಮೊದಲು ಕರೆಯುತ್ತಾರೆ.

ನಿಮ್ಮ ಮನೆಯಲ್ಲಿ ಕೊನೆಯ ವರ್ಷದ ಪದವಿ ಓದುವವರಿದ್ದರೆ, ಕಾಲೇಜಿನ ಪ್ರಾಚಾರ್ಯರಿಂದ ಪತ್ರ ತರಿಸಿ ಸಂಘದ ಕಾರ್ಯದರ್ಶಿಗೆ ಕೊಡಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇದನ್ನು ವಿಷಯಪಟ್ಟಿಗೆ ಸೇರಿಸಲು ಕೇಳಿ. ಇಬ್ಬರಿಗೆ ಅವಕಾಶ ಕೊಡುವುದಾದರೆ ಅದರಲ್ಲಿ ಒಬ್ಬಳು ಹುಡುಗಿ ಇರಲಿ ಎಂದೂ ಬರೆಸಿ.